ಎಂಟನೆಯ ಮೈಲಿ

ಒದ್ದೆ ಗೋಣಿತಾಟು ಬಿಸಿ ಕಬ್ಬಿಣಕ್ಕೆ ತಾಗಿದಾಗ ಏಳುವ ವಾಸನೆ ಅದು. ಕಮಲಾಕ್ಷಿಗೆ ಏಳೆಂಟು ವರ್ಷವಿದ್ದಾಗ, ಪೆಟ್ರೋಲ್ ಸಿಗದ ಯುದ್ಧದ ಕಾಲದಲ್ಲಿ, ತಿಪಟೂರಿನಿಂದ ಅಜ್ಜಿಯ ಊರಿಗೆ ಹೋಗುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸಿನ ವಾಸನೆ. ಏರು ಬಂದರೆ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು, ಜನ ಇಳಿದು ಬೇಲಿಯ ಪಕ್ಕ ಕೂರುತ್ತಿದ್ದರು, ಡ್ರೈವರ್ ಮುನಿಯಪ್ಪ ಹಿಂದಿನ ಒಲೆಯ ಮುಚ್ಚಳವನ್ನು ಗೋಣಿತಾಟಿನಲ್ಲಿ ಹಿಡಿದು ತೆರೆಯುತ್ತಿದ್ದ, ಆಗ ಅರೆಬೆಂದ ಇದ್ದಿಲು, ಸೆಣಬು, ಯಾರದೋ ಬುತ್ತಿಯ ಹುಳಿ ಮೊಸರು ಎಲ್ಲ ಕೂಡಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಐವತ್ತು ವರ್ಷ ಎಲ್ಲಿಗೂ ಹೋಗದೆ ಮೂಗಿನಲ್ಲೇ ಕೂತಿತ್ತೇನೋ ಎಂಬಂತೆ ಆ ವಾಸನೆ ಇಂದು ಬೆಳಿಗ್ಗೆ, ಅನಕಾಪಲ್ಲಿ ಬರುವುದಕ್ಕೆ ಮುಂಚೆ, ಗಂಡ ಈಶ್ವರಯ್ಯ ಲಾರಿಯ ಬಾನೆಟ್ ಎತ್ತಿ ಎಂಜಿನ್ನಿನ ಪೆಟ್ರೋಲ್ ಪಂಪು ತಣಿಯಲೆಂದು ಅದರ ಮೇಲೆ ಒದ್ದೆ ಗೋಣಿ ಹಾಕಿದ ಕೂಡಲೇ ಎದ್ದು ಬಂತು. "ಹಿಂದೆ ಸರೀರಿ, ಮುಖಕ್ಕೆ ಆವಿ ಹೊಡಿಯುತ್ತೆ" ಎಂದಳು. ಅವರಿಗೆ ಕೇಳಿಸಲಿಲ್ಲ. ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಮೀಟರಿನ ಅಂಕಿ ಬರೆದುಕೊಂಡರು. ಎಂಟು ಮೈಲಿ. ಹೋದ ವಾರವೂ ಎಂಟು, ಅದರ ಹಿಂದಿನ ವಾರವೂ ಎಂಟು, ಹೆಚ್ಚೆಂದರೆ ಎಂಟೂವರೆ. ಆಮೇಲೆ ಅದೇ ಜೇಬಿನಿಂದ ಒಂದು ಬೀಡಿ ತೆಗೆದು, ಹಚ್ಚಿ, ತಾವು ಸೇದದೆ, ಡ್ರೈವರ್ ಬಾಗಿಲ ಕೆಳಗಿನ ಮೆಟ್ಟಿಲಿನ ಮೇಲೆ ಮೆಲ್ಲಗೆ ಇಟ್ಟರು. ಅವರು ಜನ್ಮದಲ್ಲಿ ಬೀಡಿ ಸೇದಿದವರಲ್ಲ.

ಮೂವತ್ತೊಂದು ವರ್ಷ ನೌಕಾದಳದ ಹಡಗುಗಳ ಎಂಜಿನ್ ರೂಮಿನಲ್ಲಿ ಕಳೆದು ನಿವೃತ್ತರಾಗಿ, ವಿಶಾಖಪಟ್ಟಣದಲ್ಲೇ ಗೋಪಾಲಪಟ್ನಂ ಕಡೆ ಮನೆ ಕಟ್ಟಿಕೊಂಡು, ನಾಲ್ಕು ವರ್ಷದ ಹಿಂದೆ ಈ ಲಾರಿಯನ್ನು ಅನಕಾಪಲ್ಲಿಯ ಒಬ್ಬ ಬೆಲ್ಲದ ಸಾಹುಕಾರನ ಷೆಡ್ಡಿನಿಂದ ಎಳೆಸಿಕೊಂಡು ಬಂದಿದ್ದರು. ಐವತ್ತೊಂದರ ಮಾಡೆಲ್, ಮೂಗು ಮುಂದಿರುವ ಪೆಟ್ರೋಲ್ ಲಾರಿ. ಹಲಗೆಗಳ ಸಂದಿನಲ್ಲಿ ಹಳೆಯ ಬೆಲ್ಲ ಕಲ್ಲಾಗಿತ್ತು. ನಾಲ್ಕು ವರ್ಷ ಅಂಗಳದಲ್ಲಿ ಕೂತು ಅದನ್ನು ಒಂದೊಂದೇ ಬೋಲ್ಟಾಗಿ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ್ದರು. ಎಂಜಿನ್ ಕೆಡುವುದಕ್ಕೊಂದು ರೀತಿ ಇದೆ. ಬಡಿಯುತ್ತದೆ, ಸಿಡಿಯುತ್ತದೆ, ಹೊಗೆ ಬಿಡುತ್ತದೆ. ಇದು ಹಾಗಲ್ಲ. ಚೆನ್ನಾಗಿ ಹೋಗುತ್ತಿದ್ದ ಲಾರಿ ಎಂಟನೆಯ ಮೈಲಿಗೆ, ಯಾರೋ ಮೆತ್ತಗೆ ಕಾಲು ಹಿಂದಕ್ಕೆ ತೆಗೆದ ಹಾಗೆ ಸೊರಗಿ, ರಸ್ತೆಯ ಪಕ್ಕಕ್ಕೆ ಸರಿಯುವಷ್ಟು ಮಾತ್ರ ಉಸಿರು ಉಳಿಸಿಕೊಂಡು ನಿಂತುಬಿಡುತ್ತಿತ್ತು. ಅವರು ಕೆಳಗಿಳಿದು ಅದನ್ನೂ ಇದನ್ನೂ ಮುಟ್ಟಿ, ಟ್ಯಾಂಕಿನ ಮುಚ್ಚಳ ತೆರೆದು ಕಡ್ಡಿ ಇಳಿಬಿಟ್ಟು ಪೆಟ್ರೋಲ್ ಅಳೆದು, ಹದಿನೈದು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮೊದಲನೆಯ ಸಲಕ್ಕೇ ಹತ್ತಿಕೊಳ್ಳುತ್ತಿತ್ತು.

ಅದು ಯಾಕೆ ನಿಲ್ಲುತ್ತದೆಂಬುದು ಕಮಲಾಕ್ಷಿಗೆ ಗೊತ್ತಿತ್ತು. ಒಂದು ತಿಂಗಳಿನಿಂದ ಗೊತ್ತಿತ್ತು. ಆಯುಧಪೂಜೆಯ ದಿನ ಈಶ್ವರಯ್ಯ ಸ್ನಾನಕ್ಕೆ ಹೋಗುವಾಗ, "ಬಾನೆಟ್ಟಿಗೆ ಅರಿಸಿನ ಬಳೀಬೇಡ ಮಾರಾಯ್ತಿ, ಹೊಸ ಪೇಂಟು, ಕಲೆ ಕೂರುತ್ತೆ" ಎಂದಿದ್ದರು. ಪೂಜೆಯಿಲ್ಲದೆ ಬಿಡಲು ಮನಸ್ಸು ಬಾರದೆ ಅವಳು ಡ್ರೈವರ್ ಬಾಗಿಲ ಹಿಂದಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ, ಕಾಣದ ಜಾಗವೆಂದು, ಗಂಧ ಅರಿಸಿನ ಕಲಸಿದ್ದನ್ನು ಧಾರಾಳವಾಗಿ ಮೆತ್ತಿ ಮೇಲೆ ಕುಂಕುಮ ಇಟ್ಟಳು. ಆ ಮುಚ್ಚಳದ ನಡುವೆ ಗುಂಡುಸೂಜಿ ಹೋಗುವಷ್ಟು ಒಂದು ತೂತಿತ್ತು. ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿ ಹೋಗಬೇಕಾದ ದಾರಿ ಅದು. ಮೆತ್ತಿದ್ದು ಒಣಗಿ ಗಾರೆಯಾಯಿತು. ಪೂಜೆಗೆ ಇಟ್ಟ ಬೊಟ್ಟನ್ನು ಮನೆಯಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರುವವರೆಗೆ ಬಿಡುತ್ತಾರೆ. ಹೊಲಿಗೆ ಮಷಿನ್ನು, ಈಳಿಗೆಮಣೆ, ಸ್ಪ್ಯಾನರ್ ಪೆಟ್ಟಿಗೆ ಎಲ್ಲದರ ಮೇಲೂ ಇದ್ದ ಬೊಟ್ಟು ಅದು, ಎಲ್ಲದರ ಮೇಲೂ ಇದ್ದುದರಿಂದಲೇ ಕಣ್ಣಿಗೆ ಬೀಳದ ಬೊಟ್ಟು. ಈಶ್ವರಯ್ಯ ಪ್ರತಿಸಲವೂ ಮುಚ್ಚಳವನ್ನು ಅಂಚಿನಲ್ಲಿ ಹಿಡಿದು, ಅರಿಸಿನಕ್ಕೆ ಬೆರಳು ತಾಗದಂತೆ ಜೋಪಾನವಾಗಿ ತಿರುಗಿಸುತ್ತಿದ್ದರು. ಅವರ ಸಣ್ಣ ಪುಸ್ತಕದ ಮೊದಲನೆಯ ಪುಟದಲ್ಲಿ, ಲಾರಿ ಕೂಡಿಸುವಾಗ ಬರೆದದ್ದು: ಮುಚ್ಚಳದ ರಂಧ್ರ, ಊದಿ ನೋಡಿದೆ, ಸರಿ. ಪಕ್ಕದಲ್ಲಿ ಕೆಂಪು ಗುರುತು. ಹಡಗಿನಲ್ಲಿ ಒಮ್ಮೆ ಕೆಂಪು ಗುರುತು ಬಿದ್ದುದನ್ನು ಮತ್ತೆ ನೋಡುವ ಪದ್ಧತಿಯಿರಲಿಲ್ಲ.

ಮೂರನೆಯ ಸಲ ಲಾರಿ ನಿಂತ ದಿನ ಅವಳೂ ಜೊತೆಗಿದ್ದಳು. ಅವರು ಮುಚ್ಚಳ ತಿರುಗಿಸಿದಾಗ ಟ್ಯಾಂಕು ಹುಸ್ಸೆಂದು ಉದ್ದಕ್ಕೆ ಒಳಗೆ ಉಸಿರೆಳೆದುಕೊಂಡಿತು. ವರ್ಷಗಟ್ಟಲೆ ಬಾಯ್ಲರುಗಳ ಮಧ್ಯೆ ಮಂದವಾಗಿದ್ದ ಅವರ ಕಿವಿಗೆ ಅದು ಬೀಳಲಿಲ್ಲ. ಅವಳಿಗೆ ಬಿತ್ತು. ಮೈಸೂರಿನ ಕಾಲೇಜಿನಲ್ಲಿ, ಗಾಜಿನ ಜಾಡಿಯ ಗಾಳಿ ತೆಗೆದು, ಒಳಗೆ ಬಡಿದುಕೊಳ್ಳುತ್ತಿದ್ದ ಗಂಟೆ ಕೇಳಿಸದೇ ಹೋಗುವುದನ್ನು ತೋರಿಸಿದ್ದ ಫಿಸಿಕ್ಸ್ ಮೇಡಂ, ಕೊನೆಗೆ ನಲ್ಲಿ ತಿರುಗಿಸಿದಾಗ ಜಾಡಿ ಹೀಗೆಯೇ ಉಸಿರೆಳೆದಿತ್ತು. ಮೂವತ್ತೆಂಟು ವರ್ಷ ಯಾವ ಕೆಲಸಕ್ಕೂ ಬಾರದ ಬಿ.ಎಸ್ಸಿ. ಒಂದು ಕ್ಷಣದಲ್ಲಿ ಎಲ್ಲವನ್ನೂ ಹೇಳಿಬಿಟ್ಟಿತು, ಅವಳು ಬಾಯಿ ತೆರೆದಳು, ಮುಚ್ಚಿಕೊಂಡಳು.

ಯಾಕೆ ಮುಚ್ಚಿಕೊಂಡೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ವಿಜಯದಶಮಿಯ ದಿನ ಲಾರಿ ಮೊದಲ ಸಲ ನಿಂತದ್ದು ಅವರ ನಾಲ್ವರು ಹಳೆಯ ನೌಕಾದಳದ ಸ್ನೇಹಿತರನ್ನು ಹಿಂದೆ ಕೂರಿಸಿಕೊಂಡು ಹೊರಟಾಗ. ಅಂದು ಟ್ಯಾಂಕಿನ ಮುಚ್ಚಳ ತೆರೆದು ನೋಡುವುದು ಹೊಳೆಯದೆ, ಮೀನಿನ ನೀರು ಸೋರುವ ಐಸ್ ಲಾರಿಗೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬರಬೇಕಾಯಿತು, "ಚೀಫ್ ಸಾಬ್, ಹಡಗೂ ಹೀಗೇ ಎಳೆಸ್ಕೊಂಡು ಬರ್ತಿತ್ತಾ?" ಎಂದು ಅವರಲ್ಲೊಬ್ಬ, ಉಮಾಶಂಕರ, ನಕ್ಕಿದ್ದ. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಮೆತ್ತಿದ ಅರಿಸಿನ ತನಗೆ ಕಾಣಲಿಲ್ಲವೆಂದು ತಿಳಿದರೆ? ಇದು ಒಂದು ಕಾರಣ, ಹೇಳಿಕೊಳ್ಳಬಹುದಾದ ಕಾರಣ. ಇನ್ನೊಂದನ್ನು ಅವಳು ಯಾರಿಗೂ ಹೇಳಲಾರಳು. ಲಾರಿ ಕೆಟ್ಟಂದಿನಿಂದ ಅವರು ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂರತೊಡಗಿದ್ದರು. ಸಮುದ್ರದಿಂದ ಆರೋಗ್ಯ ವಿಚಾರಿಸಿ ನಾಲ್ಕು ಸಾಲು ಬರೆಯುತ್ತಿದ್ದ, ಮನೆಗೆ ಬಂದ ಮೇಲೂ ನಾಲ್ಕು ಸಾಲಿಗಿಂತ ಹೆಚ್ಚು ಆಡದಿದ್ದ ಮನುಷ್ಯ, ಕಾರ್ಬೊರೇಟರಿನ ಬಗ್ಗೆ, ಇಗ್ನಿಷನ್ ಕಾಯಿಲಿನ ಬಗ್ಗೆ, ಸಣ್ಣವರಿದ್ದಾಗ ಬಾವಿಗೆ ಬಿದ್ದ ತಮ್ಮನ ಬಗ್ಗೆ ಮಾತಾಡಿದರು. "ನಿನಗೇನನ್ನಿಸುತ್ತೆ, ಹೇಳು" ಎಂದರು. ಹುರುಳಿಕಾಯಿ ಹೆಚ್ಚುತ್ತಾ ಅವಳು, "ಪಂಪು ಬಿಚ್ಚಿ ನೋಡಿದಿರಾ?" ಎಂದಳು, ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಅವರು ಮತ್ತೆ ಬಂದು ಹೊಸ್ತಿಲ ಮೇಲೆ ಕೂತರು.

ಹಾಗೆ ಕೂತ ಒಂದು ಸಂಜೆಯೇ ಅವರು, "ಅವನು ದಣೀತಾನೆ ಕಣೆ" ಎಂದದ್ದು.

"ಯಾರು?"

"ಅಪ್ಪಲಸ್ವಾಮಿ."

ಲಾರಿಯ ಕೊನೆಯ ಡ್ರೈವರ್ ಅವನು. ಇಪ್ಪತ್ತು ವರ್ಷದ ಹಿಂದೆ, ಬೆಲ್ಲದ ಲೋಡು ಹೊತ್ತು ವಿಜಯವಾಡಕ್ಕೆ ಹೋಗುತ್ತಿದ್ದಾಗ ಸತ್ತಿದ್ದ. ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸಿ, ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟು, ಆಮೇಲೆ ಸತ್ತಿದ್ದ. ಆ ಸೀಟಿನಲ್ಲಿ ಕೂರಲು ಬೇರೆ ಡ್ರೈವರುಗಳು ಒಪ್ಪದೆ ಸಾಹುಕಾರ ಲಾರಿಯನ್ನು ಷೆಡ್ಡಿಗೆ ಸೇರಿಸಿದ್ದ. ಸಾಹುಕಾರನಿಂದ ಕೇಳಿದ ಈ ಕತೆಯನ್ನು ನಾಲ್ಕು ವರ್ಷ ನಗುತ್ತಲೇ ಹೇಳಿದ್ದ ಈಶ್ವರಯ್ಯ ಈಗ ನಗಲಿಲ್ಲ. "ನೋಡು, ಎಂಜಿನ್ನಿನಲ್ಲಿ ದೋಷವಿಲ್ಲ. ಹನ್ನೊಂದು ಸಲ ಬಿಚ್ಚಿದೀನಿ. ನಿಂತು, ಸುಧಾರಿಸಿಕೊಂಡು, ತಾನಾಗೇ ಹೊರಡುತ್ತೆ. ಯಂತ್ರ ಹಾಗೆ ಮಾಡಲ್ಲ. ಮನುಷ್ಯ ಮಾಡ್ತಾನೆ." ಆ ವಾರದಿಂದ ಬೀಡಿ ಶುರುವಾಯಿತು. ಲಾರಿ ಹತ್ತುವಾಗ, "ಸ್ವಲ್ಪ ಅಂಚಿಗೆ ಕೂತ್ಕೋ" ಎಂದು ಸೀಟಿನ ನಡುವೆ ಜಾಗ ಬಿಡಿಸುವುದು ಶುರುವಾಯಿತು. ಕಮಲಾಕ್ಷಿ ಅಂಚಿಗೆ ಕೂತಳು. ಒಂದು ಚಿಟಿಕೆ ಅರಿಸಿನದಿಂದ ತಾನು ಒಬ್ಬ ಸತ್ತವನನ್ನು ಎಬ್ಬಿಸಿ ತನ್ನ ಗಂಡನ ಪಕ್ಕ ಕೂರಿಸಿದ್ದೇನೆ, ಅವನು ದಿನೇ ದಿನೇ ಅಲ್ಲಿ ಭಾರವಾಗುತ್ತಿದ್ದಾನೆ ಎನ್ನಿಸಿತು. ಈಗಲಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ಸಾಹುಕಾರನಿಂದ ವಿಳಾಸ ತಂದು ವಿಜಯವಾಡದಲ್ಲಿರುವ ಅಪ್ಪಲಸ್ವಾಮಿಯ ಹೆಂಡತಿಗೆ ಕಾರ್ಡು ಬರೆದಾಗಿತ್ತು. ನಿಮ್ಮ ಯಜಮಾನರ ಲಾರಿ ತರುತ್ತಿದ್ದೇವೆ, ಒಂದು ವಿಷಯ ಹೇಳುವುದಿದೆ. "ಏನು ಹೇಳ್ತೀರಿ?" ಎಂದಾಗ ಅವರು ಸಹಜವಾಗಿ, "ಗಂಡ ಇನ್ನೂ ದುಡೀತಿದಾನೆ ಅಂತ ಅವಳಿಗೆ ಗೊತ್ತಾಗಬೇಡವೇನೆ?" ಎಂದರು.

ಅದಕ್ಕೇ ಇಂದು ಅವಳೂ ಹತ್ತಿ ಕೂತಿದ್ದಳು. ಇಪ್ಪತ್ತು ವರ್ಷ ವಿಧವೆಯಾಗಿ ಬದುಕಿದ ಯಾರೋ ಹೆಂಗಸಿನ ಬಾಗಿಲಿಗೆ ಈ ಮಾತು ತಲುಪುವುದಕ್ಕೆ ಮುಂಚೆ ಹೇಳಬೇಕು. ಅನಕಾಪಲ್ಲಿಗೆ ಮುಂಚೆ ಹೇಳುತ್ತೇನೆ ಎಂದುಕೊಂಡಿದ್ದಳು. ಅನಕಾಪಲ್ಲಿ ಬಂತು, ಹೋಯಿತು. ಸಂತೆಗೆ ಬೆಲ್ಲ ಹೊತ್ತ ಎತ್ತಿನ ಗಾಡಿಗಳು ಪಕ್ಕಕ್ಕೆ ಸರಿದು ಈ ಮಿರುಗುವ ಮುದಿ ಲಾರಿಗೆ ದಾರಿ ಬಿಟ್ಟವು. ಎರಡನೆಯ ಸಲ ನಿಂತಿತು, ಮೂರನೆಯ ಸಲ ನಿಂತಿತು. ಪಕ್ಕದಲ್ಲಿ ಹಾದುಹೋದ ಒಬ್ಬ ಡ್ರೈವರ್ ತಲೆ ಹೊರಹಾಕಿ, "ತಾತಾ, ಬಂಡಿಕಿ ಕೂಡಾ ಪೆನ್ಷನ್ ಇಪ್ಪಿಂಚಂಡಿ!" ಎಂದು ಕೂಗಿ ನಗುತ್ತಾ ಹೋದ. ಲಾರಿಗೂ ಪೆನ್ಷನ್ ಕೊಡಿಸಿ ಎಂದ ಆ ಮಾತಿಗೆ ಈಶ್ವರಯ್ಯ ಸಿಟ್ಟಾಗಲಿಲ್ಲ. ಖಾಲಿ ಸೀಟಿನ ಕಡೆ ತಿರುಗಿ, "ಬಿಡಯ್ಯ, ಹುಡುಗರು" ಎಂದರು. ಕಮಲಾಕ್ಷಿ ಬಾಗಿಲ ಕಡೆಗೆ ಇನ್ನಷ್ಟು ಸರಿದು ಕೂತಳು.

ನಾಲ್ಕನೆಯ ಸಲ ನಿಂತದ್ದು ಎಲಮಂಚಿಲಿಯ ಹೊರಗೆ, ಒಂದು ಚಹಾದಂಗಡಿಯ ಹತ್ತಿರ. ಈ ಸಲ ಅವರು ಮುಚ್ಚಳ ತೆರೆಯಲೂ ಇಲ್ಲ, ಬಾನೆಟ್ ಎತ್ತಲೂ ಇಲ್ಲ. ಬೀಡಿ ಇಟ್ಟು, ಮೂರು ಚಹಾ ತರುತ್ತೇನೆಂದು ಹೋದರು. ಮೂರು. ಅವಳು ಕೆಳಗಿಳಿದು ಟ್ಯಾಂಕಿನ ಹತ್ತಿರ ನಿಂತಳು. ಅರಿಸಿನ ಬಿಸಿಲಿಗೆ ಸೀಳಿ ಒಣಗಿದ ಕೆರೆಯ ನೆಲದಂತಾಗಿತ್ತು, ಆದರೆ ನಡುವಿನ ತೂತನ್ನು ಬಿಟ್ಟುಕೊಟ್ಟಿರಲಿಲ್ಲ. ಕುಂಕುಮ ಕಪ್ಪಗಾಗಿತ್ತು. ತಾನೇ ಇಟ್ಟದ್ದನ್ನು ತಾನೇ ಕೆರೆಯಲು ಒಂದು ಕ್ಷಣ ಕೈ ಏಳಲಿಲ್ಲ. ಮುಡಿಯಿಂದ ಪಿನ್ನು ತೆಗೆದು ತೂತಿಗೆ ಇಟ್ಟು ಒತ್ತಿದಳು. ಒಳಗೆ ಯಾರೋ ನಿದ್ದೆಯಲ್ಲಿ ಮಗ್ಗುಲಾದ ಹಾಗೆ, ಸಣ್ಣಗೆ, ತುಂಬ ಹೊತ್ತು ಟ್ಯಾಂಕು ಉಸಿರೆಳೆಯಿತು. ಅವಳ ಬೆರಳ ತುದಿಯನ್ನೂ ಎಳೆಯಿತು. ಪಿನ್ನನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಂಡಳು. ಅವರು ಮೂರು ಗ್ಲಾಸು ಹಿಡಿದು ಬಂದಾಗ, ತನ್ನದನ್ನು ತೆಗೆದುಕೊಂಡು ಬಿಸಿ ನೋಡದೆ ಕುಡಿದು ನಾಲಿಗೆ ಸುಟ್ಟುಕೊಂಡಳು. ಸರಿಹೋಯಿತು, ಇನ್ನು ಹೇಳಬೇಕಾಗಿಲ್ಲ, ಲಾರಿ ನಿಲ್ಲದಿದ್ದರೆ ಅಪ್ಪಲಸ್ವಾಮಿಯೂ ಇಳಿದು ಹೋಗುತ್ತಾನೆ ಎಂದು ಹೇಡಿಯ ಸಮಾಧಾನವೊಂದು ಎದೆಯಲ್ಲಿ ಹಗುರವಾಗಿ ಕೂತಿತು.

ಲಾರಿ ಓಡಿತು. ಆರು ಮೈಲಿ, ಏಳು ಮೈಲಿ. ಎಡಕ್ಕೆ ಗೇರುತೋಟ, ಬಲಕ್ಕೆ ತಾಳೆಮರಗಳು. ಎಂಟಕ್ಕೆ ಈಶ್ವರಯ್ಯ ಎಡಕ್ಕೆ ಸರಿದು ವೇಗ ಇಳಿಸಿ ಕಾದರು. ಎಂಜಿನ್ ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಒಂಬತ್ತು. ಮೀಟರು ನೋಡಿದರು, ಪಕ್ಕದ ಖಾಲಿ ಜಾಗ ನೋಡಿದರು. ಹತ್ತಕ್ಕೆ ಲಾರಿಯನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸಿ ಅವರೇ ನಿಲ್ಲಿಸಿದರು. ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟು ಮುಂದಕ್ಕೆ ನೋಡುತ್ತಾ ಕೂತರು.

"ಯಾಕ್ರೀ?"

"ದಣಿದಿರ್ತಾನೆ. ಹೇಳೋಕೆ ಸಂಕೋಚ ಅವನಿಗೆ."

ಹ್ಯಾಂಡ್‌ಬ್ರೇಕ್, ಕೀ, ಸ್ಟೀರಿಂಗಿನ ಮೇಲೆ ಕೈ. ಸಾಹುಕಾರ ಹೇಳಿದ್ದ ಹಾಗೆಯೇ, ಅದೇ ಕ್ರಮದಲ್ಲಿ. ರೋಗ ಎಂಜಿನ್ನಿನಿಂದ ಇಳಿದು ಎಲ್ಲಿಗೆ ಬಂದಿದೆಯೆಂದು ಅವಳಿಗೆ ಆಗ ಕಂಡಿತು, ಕಂಡದ್ದೇ ನಾಲಿಗೆ ತಾನಾಗಿ ಸಡಿಲವಾಯಿತು. "ರೀ, ಅವನು ಯಾರೂ ಇಲ್ಲ. ನಾನು ಮಾಡಿದ್ದು. ಟ್ಯಾಂಕಿನ ಮುಚ್ಚಳದ ತೂತಿಗೆ ಪೂಜೆ ದಿನ ಅರಿಸಿನ ಮೆತ್ತಿಬಿಟ್ಟಿದ್ದೆ. ಗಾಳಿ ಹೋಗ್ತಿರಲಿಲ್ಲ. ಆಗಲೇ ಚಾದಂಗಡಿ ಹತ್ರ ಪಿನ್ನಲ್ಲಿ ಚುಚ್ಚಿದೆ. ಅದಕ್ಕೇ ನಿಲ್ಲಲಿಲ್ಲ."

ಅವರು ಸ್ಟೀರಿಂಗಿನಿಂದ ಕೈ ತೆಗೆದರು. ಇಳಿದು ಹೋದರು. ಬಾಗಿಲ ಕನ್ನಡಿಯಲ್ಲಿ ಅವಳಿಗೆ ಕಂಡಿತು: ಮುಚ್ಚಳವನ್ನು ಬಿಚ್ಚಿ, ಬಿಸಿಲಿಗೆ ಹಿಡಿದು ಒಂದು ಕಣ್ಣಿನಿಂದ ತೂತು ನೋಡಿದರು, ತುಟಿಗಿಟ್ಟು ಊದಿದರು, ತುಟಿಗಂಟಿದ ಹಳದಿ ಪುಡಿಯನ್ನು ಬೆರಳಿನಿಂದ ಒರೆಸಿ ಆ ಬೆರಳನ್ನೇ ನೋಡುತ್ತಾ ನಿಂತರು. ಅರವತ್ತೆರಡು ವರ್ಷದ ಗಂಡಸು, ರಸ್ತೆಯ ಪಕ್ಕ, ತುಟಿಯ ಮೇಲೆ ಅರಿಸಿನ. ಅವಳು ಕನ್ನಡಿಯಿಂದ ಕಣ್ಣು ತೆಗೆದಳು. ಬಂದು ಕೂತವರು, "ಯಾವತ್ತಿಂದ ಗೊತ್ತು?" ಎಂದರು.

"ಮೂರನೇ ಸಲ ನಿಂತಾಗ."

"ಒಂದು ತಿಂಗಳು."

"ಹ್ಞೂಂ."

"ಪಂಪು ಬಿಚ್ಚಿ ನೋಡಿದಿರಾ ಅಂದೆ ನನಗೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಬೈಯಲಿಲ್ಲ, ಲಾರಿಯನ್ನು ತಿರುಗಿಸಲೂ ಇಲ್ಲ. ತುನಿ ಎಂಬ ಊರು ಹೋಯಿತು. ಗೋದಾವರಿಯ ಸೇತುವೆಯ ಮೇಲೆ ಕೆಳಗಿನ ಹಳಿಯಲ್ಲಿ ರೈಲು ಬಂದು ಇಡೀ ಲಾರಿ ನಡುಗುವಾಗ, ಅವಳು ಧೈರ್ಯ ಮಾಡಿ, "ಇನ್ನು ಯಾಕೆ ಹೋಗೋದು? ವಾಪಸ್ ಹೋಗೋಣ" ಎಂದಳು. "ಬರ್ತೀವಿ ಅಂತ ಬರೆದಿದೀನಲ್ಲ" ಎಂದರು. "ಏನು ಹೇಳ್ತೀರಿ ಅವರಿಗೆ?" ಅವರು ಗೇರ್ ಬದಲಾಯಿಸಿದರು. ನಂಬಿದ್ದಾರೋ ಇಲ್ಲವೋ ಅದೂ ತಿಳಿಯಲಿಲ್ಲ. ತೂತನ್ನು ಕಣ್ಣಾರೆ ನೋಡಿದವರು ನಂಬದೆ ಇರಲಾರರು. ಆದರೆ ಏಲೂರು ದಾಟುವಾಗ ಅವಳಿಗೆ ಬೆಚ್ಚಿಬೀಳುವಂಥದ್ದೊಂದು ಗಮನಕ್ಕೆ ಬಂತು. ಎಲ್ಲ ತಿಳಿದ, ಎಲ್ಲವನ್ನೂ ತಾನೇ ಮಾಡಿದ, ಫಿಸಿಕ್ಸ್ ಓದಿದ ಅವಳು ಇನ್ನೂ ಬಾಗಿಲಿಗೆ ಅಂಟಿ ಕೂತಿದ್ದಳು. ನಡುವಿನ ಜಾಗದ ರೆಕ್ಸಿನ್ ಬಿಸಿಲಿಗೆ ಮಿನುಗುತ್ತಿತ್ತು. ಅಲ್ಲಿಗೆ ಸರಿಯೋಣವೆಂದು ಎರಡು ಸಲ ಅಂದುಕೊಂಡಳು, ಸರಿಯಲಾಗಲಿಲ್ಲ.

ಗನ್ನವರಂ ದಾಟಿ ವಿಜಯವಾಡದ ಆಟೋನಗರ ಸೇರುವಾಗ ಸಂಜೆಯಾಗುತ್ತಿತ್ತು. ಸಾಲು ಸಾಲು ಷೆಡ್ಡುಗಳಲ್ಲಿ ಲಾರಿಯ ಬಾಡಿ ಕಟ್ಟುವವರ ಸುತ್ತಿಗೆಗಳು. ಸೀತಾಮಹಾಲಕ್ಷ್ಮಿ ಅಲ್ಲಿನ ಕೆಲಸಗಾರರಿಗೆ ಮೆಸ್ಸು ನಡೆಸುತ್ತಿದ್ದಳು. ತಗಡಿನ ಮಾಡು, ಮುಂದೆ ಎರಡು ಬೆಂಚು. ಕನ್ನಡಕಕ್ಕೆ ದಾರ ಕಟ್ಟಿದ ತೆಳ್ಳಗಿನ ಹೆಂಗಸು, ಕೈಯಲ್ಲಿದ್ದ ಸೌಟನ್ನು ಒಳಗಿಡುವುದನ್ನೂ ಮರೆತು ಹೊರಬಂದಳು. ಈಶ್ವರಯ್ಯ ಎಂಜಿನ್ ನಿಲ್ಲಿಸಿದರು, ಇಳಿಯಲಿಲ್ಲ. ಕಮಲಾಕ್ಷಿಯೇ ಇಳಿದು ಕೈ ಮುಗಿದಳು. ಆಕೆ ಲಾರಿಯನ್ನು ಒಂದು ಸುತ್ತು ಬಂದಳು, ಎಲ್ಲಿಯೂ ಮುಟ್ಟಲಿಲ್ಲ. ಬಂದು ಕಮಲಾಕ್ಷಿಯ ಎದುರು ನಿಂತು, ನೀರು ಬೇಕೇ ಎಂದು ಕೇಳುವಷ್ಟು ಸಹಜವಾಗಿ, "ದಾರಿಲೋ ಎನ್ನಿಸಾರ್ಲು ಆಗಿಂದಮ್ಮಾ?" ಎಂದಳು. ದಾರಿಯಲ್ಲಿ ಎಷ್ಟು ಸಲ ನಿಂತಿತು ಎಂದು.

ಕಮಲಾಕ್ಷಿ ಲಾರಿಯ ಕಡೆ ತಿರುಗಿ ನೋಡಿದಳು. ಕಾರ್ಡಿನಲ್ಲಿ ಆ ಮಾತು ಇರಲಿಲ್ಲ. "ನಾಲ್ಕು ಸಲ" ಎಂದಳು ತನಗೆ ಬರುವ ತೆಲುಗಿನಲ್ಲಿ. "ಆದರೆ ಅದು ನನ್ನ ತಪ್ಪು. ಟ್ಯಾಂಕ್ ಮುಚ್ಚಳಕ್ಕೆ ಅರಿಸಿನ ಹಚ್ಚಿದ್ದೆ. ಈಗ ನಿಲ್ಲೋದಿಲ್ಲ."

"ನಮ್ಮ ಯಜಮಾನರು ಇದ್ದಾಗ ಎಂಟು ಮೈಲಿಗೊಂದು ಸಲ ನಿಲ್ಲುತ್ತಿತ್ತಮ್ಮಾ," ಎಂದಳು ಸೀತಾಮಹಾಲಕ್ಷ್ಮಿ. "ಬಂಡಿಗೆ ದಣಿವು ಅನ್ನುತ್ತಿದ್ದರು. ಸಾಹುಕಾರನಿಗೂ ಹಾಗೇ ಹೇಳುತ್ತಿದ್ದರು, ನನಗೂ ಹಾಗೇ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ನಿಲ್ಲಿಸಿ, ಹಿಂದಿನ ಟೈರು ನೋಡಿ ಬರ್ತೀನಿ ಅಂತ ಹೋದರು. ಕನ್ನಡಿಯಲ್ಲಿ ನೋಡಿದೆ. ಹಲಗೆಗೆ ಒರಗಿ ಎದೆ ಹಿಡಿದುಕೊಂಡು ನಿಂತಿದ್ದರು." ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನನಗೆ ಗೊತ್ತಾಗಬಾರದು ಅಂತಿತ್ತು ಅವರಿಗೆ. ಗಂಡಸರಿಗೆ ಅವಮಾನ ಅಲ್ಲವಾ ಅಮ್ಮಾ. ನಾನೂ ಗೊತ್ತಿಲ್ಲದವಳ ಹಾಗೇ ಇದ್ದುಬಿಟ್ಟೆ. ಮೂರು ವರ್ಷ."

ಸುತ್ತಿಗೆಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಕಮಲಾಕ್ಷಿ ಏನಾದರೂ ಹೇಳಬೇಕೆಂದು ನೋಡಿದಳು; ಆಕೆಯ ಮುಖದಲ್ಲಿ ಯಾರ ಮಾತಿಗೂ ಕಾಯುವ ಭಾವವಿರಲಿಲ್ಲ. ಈ ಮೂರು ವರ್ಷವನ್ನು ಇಪ್ಪತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡು, ಇಂದು ಅರಿಸಿನದ ಮಾತು ಕೇಳಿ, ಯಾಕೋ ಹೇಳಿದ್ದಳು. ಲಾರಿಯ ಕಿಟಕಿ ತೆರೆದೇ ಇತ್ತು. ಎರಡು ಮಾರು ದೂರ. ಈಶ್ವರಯ್ಯನ ಮಂದ ಕಿವಿಗೆ ಎಷ್ಟು ಬಿತ್ತೋ, ಅವರ ಕೈ ಸ್ಟೀರಿಂಗಿನಿಂದ ಜಾರಿ ಮಡಿಲಿಗೆ ಬಂದಿತ್ತು.

ಸೀತಾಮಹಾಲಕ್ಷ್ಮಿ ಕಿಟಕಿಯ ಹತ್ತಿರ ಹೋದಳು. "ಏನೋ ವಿಷಯ ಹೇಳಬೇಕು ಅಂತ ಬರೆದಿದ್ದಿರಲ್ಲ ಬಾಬುಗಾರು?"

ಅವರು ಮೊದಲು ಹೆಂಡತಿಯನ್ನು ನೋಡಿದರು. ಅದು ಕೋಪದ ನೋಟವಲ್ಲ, ಬಹಳ ದಿನ ಜ್ವರ ಬಂದು ಎದ್ದವನು ಮನೆಯವರನ್ನು ಗುರುತಿಸುವಾಗಿನ ನೋಟ. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಮಾತು ಹುಡುಕಿ, "ಎಂಜಿನ್ನನ್ನ ತುಂಬಾ ಚೆನ್ನಾಗಿ ಇಟ್ಟಿದ್ದರಮ್ಮ," ಎಂದರು. "ಒಂದು ಬೋಲ್ಟೂ ಹಾಳಾಗಿರಲಿಲ್ಲ. ಅದನ್ನೇ ಹೇಳೋಣ ಅಂತ ಬಂದೆ. ಬೇರೆ ಏನಿಲ್ಲ."

ಆಕೆ ತಲೆಯಾಡಿಸಿದಳು. ಕೈ ಎತ್ತಿ ಬಾಗಿಲ ಹಿಡಿಯನ್ನು ಒಂದು ಸಲ ಮುಟ್ಟಿದಳು, ಅಷ್ಟೆ. ಒಳಗೆ ಹೋದಳು. ತಟ್ಟೆಗಳ ಸದ್ದು, ಒಗ್ಗರಣೆಯ ಸದ್ದು ಕೇಳಿಸಿತು. ತಿರುಗಿ ಬಂದಾಗ ಎರಡು ಕೈಯಲ್ಲೂ ಒಂದೊಂದು ತಟ್ಟೆ. ಅನ್ನ, ಮೇಲೆ ಬೇಳೆಯ ಪಪ್ಪು, ಪಕ್ಕದಲ್ಲಿ ಗೋಂಗೂರ ಸೊಪ್ಪಿನ ಚಟ್ನಿ, ಒಂದು ಚಮಚ ತುಪ್ಪ ಆಗತಾನೇ ಕರಗುತ್ತಿತ್ತು. ಒಂದನ್ನು ಕಮಲಾಕ್ಷಿಯ ಕೈಗೆ ಕೊಟ್ಟಳು. ಇಳಿದು ಬನ್ನಿ, ಕೈ ತೊಳೆಯಿರಿ ಎಂದು ಅವರನ್ನು ಕರೆಯಲಿಲ್ಲ. ಹಿಂದೊಮ್ಮೆ ದಿನವೂ ಹಾಗೆ ಕೊಡುತ್ತಿದ್ದವಳಂತೆ ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಮ್ಮಡಿ ಎತ್ತಿ, ಇನ್ನೊಂದು ತಟ್ಟೆಯನ್ನು ಕಿಟಕಿಯೊಳಗೆ ಚಾಚಿ, ಅವರು ಎರಡು ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಹಾಗೆಯೇ ನಿಂತಳು.